ಹದಿನಾಲ್ಕು ತಿಂಗಳ ಹಲ್ಲುಗಳು

ನಿವಾಸ ಪರಿಶೀಲನಾ ವಿಭಾಗಕ್ಕೆ ಅವಳು ಬಂದದ್ದು ಇದು ಐದನೆಯ ಸಲ. ಟೋಕನ್ ಹಿಡಿದು ಕಬ್ಬಿಣದ ಕುರ್ಚಿಯಲ್ಲಿ ಕೂತರೆ ಎದುರಿಗೆ ಅದೇ ನಿಯಮದ ಹಲಗೆ. ಓದಿಗೆ ಸೇರುವ ಮೊದಲು ಹನ್ನೆರಡು ತಿಂಗಳು ಬಿಡದೆ ಈ ಪ್ರಾಂತ್ಯದಲ್ಲಿ ಇದ್ದವರು, ಅದೂ ಓದಿಗಾಗಿ ಅಲ್ಲದೆ ಬದುಕಿಗಾಗಿ ಇದ್ದವರು ನಿವಾಸಿಗಳು; ಮಿಕ್ಕವರು ಹೊರಗಿನವರು. ಹೊರಗಿನವರಿಗೆ ಶುಲ್ಕ ಮೂರು ಪಟ್ಟು. ಮೊದಲ ಅವಧಿಯದನ್ನು ಹೇಗೋ ಕಟ್ಟಿದ್ದಳು, ಕೂಡಿಟ್ಟದ್ದೆಲ್ಲ ಅಲ್ಲಿಗೆ ಬಳಿದು ಹೋಗಿತ್ತು. ಎರಡನೆಯದಕ್ಕೆ ನಿವಾಸಿ ಅನ್ನಿಸಿಕೊಳ್ಳದಿದ್ದರೆ ಸೀಟು ಬಿಡಬೇಕು.

ಇದ್ದದ್ದಂತೂ ನಿಜ. ಸೇರುವುದಕ್ಕೆ ಮೊದಲು ಹದಿನಾಲ್ಕು ತಿಂಗಳು ಅವಳು ಸೋದರಮಾವನ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡಿದ್ದಳು. ‘ಕೈಗೊಂದು ಜನ ಬೇಕು, ಮಗಳನ್ನ ಕಳಿಸು’ ಎಂದು ಮಾವ ಅಮ್ಮನಿಗೆ ಫೋನ್ ಮಾಡಿದ್ದ, ಇವಳು ಒಂದು ಚೀಲ ಹಿಡಿದು ಬಂದಿದ್ದಳು. ಲ್ಯಾಬಿನ ಹಿಂದಿನ ಕೋಣೆಯಲ್ಲಿ ಮಲಗುವುದು, ಮಾವನ ಮನೆಯಲ್ಲಿ ಊಟ, ತಿಂಗಳ ಕೊನೆಗೆ ಅತ್ತೆ ಸೆರಗಿನ ಮರೆಯಲ್ಲಿ ಕೊಡುವ ಲಕೋಟೆ. ಕರೆಂಟು ಬಿಲ್ಲು ಮಾವನ ಹೆಸರಲ್ಲಿ, ಫೋನು ಅಪ್ಪನ ಹೆಸರಲ್ಲಿ. ಗ್ರಂಥಾಲಯಕ್ಕೆ ಸೇರಬೇಕೆಂದು ಎರಡು ಸಲ ಬಾಗಿಲತನಕ ಹೋಗಿ, ಒಳಗೆ ಕೂತಿದ್ದವರನ್ನು ಮಾತಾಡಿಸಲಾರದೆ ವಾಪಸು ಬಂದಿದ್ದಳು. ಯಾರಿಗೂ ತೊಂದರೆಯಾಗದ ಹಾಗೆ ಇರಬೇಕು ಅನ್ನುವುದು ಅವಳ ಸ್ವಭಾವ. ನಡೆದರೆ ಸದ್ದಾಗದು, ಅದಕ್ಕೇ ಮಾವ ‘ಬೆಕ್ಕೇ’ ಅಂತ ಕರೆಯುತ್ತಿದ್ದ. ಬೆಕ್ಕಿನ ಹಾಗೆ ಇದ್ದುದಕ್ಕೆ ಬೆಕ್ಕಿಗಿರುವಷ್ಟೇ ದಾಖಲೆ.

ಕಿಟಕಿಯ ಆಚೆಗಿನ ಗುಮಾಸ್ತೆ ಕಡತ ತಿರುವಿ, ಕನ್ನಡಕವನ್ನು ಹಣೆಗೇರಿಸಿದಳು. ನಿದ್ದೆಗೆಟ್ಟ ಮುಖ, ಮಾತಿನಲ್ಲಿ ಮಾತ್ರ ಕಹಿಯಿರಲಿಲ್ಲ.

“ನೀವು ಇದ್ದಿರಬಹುದಮ್ಮ, ಸುಳ್ಳು ಅಂತ ನಾನು ಅಂತಿಲ್ಲ. ಆದ್ರೆ ಕಾಗದದ ಮೇಲೆ ನೀವು ಇಲ್ವೇ ಇಲ್ಲ. ಮಾವನ ಪತ್ರ ನಡಿಯಲ್ಲ, ಮಾವಂದಿರು ಏನು ಬೇಕಾದ್ರೂ ಬರೀತಾರೆ. ಕೆಲಸ ಮಾಡಿದ್ದಕ್ಕೆ ತಾರೀಖಿರೋ ಗುರುತು ಏನಾದ್ರೂ ಇದೆಯಾ?”

ಅಚ್ಚುಗಳಿವೆ, ಅಂದಳು ಅವಳು. ಏನಚ್ಚು ಎಂದು ಗುಮಾಸ್ತೆ ಕೇಳಿದ್ದಕ್ಕೆ, ಹಲ್ಲಿನದು ಅಂದಳು.

ಗುಮಾಸ್ತೆ ಪೆನ್ನು ಕೆಳಗಿಟ್ಟಳು. “ತನ್ನಿ. ಇಲ್ಲಿಗೆ ಯಾರ್ಯಾರೋ ಏನೇನೋ ತಂದಿದಾರೆ. ಒಬ್ಬ ನಾಯೀನೇ ತಂದಿದ್ದ, ಅದರ ಕೊರಳಲ್ಲಿ ಇಲ್ಲಿನ ನಗರಸಭೆ ಬಿಲ್ಲೆ ಇದೆ ಅಂತ. ಶುಕ್ರವಾರ ಸಮಿತಿ ಕೂತ್ಕೊಳತ್ತೆ. ಇದೇ ಕೊನೆ.”

ದಂತವೈದ್ಯರು ಕಳಿಸುವ ಬಾಯಳತೆಗೆ ಪ್ಲಾಸ್ಟರ್ ಹುಯ್ದರೆ ರೋಗಿಯ ದವಡೆ ಅಚ್ಚಾಗಿ ಬರುತ್ತದೆ. ಅದರ ಮೇಲೆ ಹಲ್ಲಿನ ಸೆಟ್ಟು ಕಟ್ಟುವುದು. ಸೆಟ್ಟು ಹೋದಮೇಲೂ ಅಚ್ಚನ್ನು ಎರಡು ವರ್ಷ ಬಿಸಾಡುವ ಹಾಗಿಲ್ಲ, ನಾಳೆ ಯಾರಾದರೂ ಕಚ್ಚುವುದಿಲ್ಲ, ಚುಚ್ಚುತ್ತದೆ ಎಂದು ಜಗಳಕ್ಕೆ ಬಂದರೆ ಬೇಕಾಗುತ್ತದೆ. ಹಾಗಾಗಿ ಹಿಂದಿನ ಕೋಣೆಯ ನಾಲ್ಕೂ ಗೋಡೆಗೆ ಅವಳು ಮಲಗುವ ಮಂಚದ ತಲೆಯ ಮೇಲಿನವರೆಗೂ ಹಲಗೆಗಳು, ಹಲಗೆಗಳ ತುಂಬ ಬೊಚ್ಚುಬಾಯಿಗಳು. ಅವಳು ಹದಿನಾಲ್ಕು ತಿಂಗಳಿನವನ್ನು ಇಳಿಸಿ ನೆಲದ ಮೇಲೆ ಹರವಿದಳು. ಪ್ರತಿಯೊಂದರ ತಳದಲ್ಲೂ ತಾರೀಖು, ವೈದ್ಯರ ಸಂಖ್ಯೆ, ಮಾಡಿದವರ ಗುರುತು. ಭಾನುವಾರಗಳನ್ನು ಬಿಟ್ಟರೆ ಒಂದು ದಿನವೂ ತಪ್ಪಿರಲಿಲ್ಲ.

ಗುರುತು ಮಾತ್ರ ಅವಳದಲ್ಲ. ಅರ್ಧಚಂದ್ರಕ್ಕೊಂದು ಅಡ್ಡಗೀರು, ಮಾವನದು. ಗೀರಿದ್ದು ಅವಳ ಕೈ, ಗುರುತು ಅವನದು. ಆ ಕಸುಬಿನಲ್ಲಿ ಕಲಿಯುವವರು ಗುರುವಿನ ಗುರುತನ್ನೇ ಹಾಕಬೇಕು, ಗುರು ಸಾಕು ಅನ್ನುವ ತನಕ. ಮಾವ ಸಾಕು ಅಂದಿರಲಿಲ್ಲ. ಅವಳೂ ಕೇಳಿರಲಿಲ್ಲ. ಕೇಳುವುದೆಂದರೆ ಅವಳಿಗೆ ಮೊದಲೇ ಜೀವ ಹೋಗುವ ಕೆಲಸ.

ಮಾವ ಯಾಕೆ ಹೇಳಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅವನ ಕಣ್ಣು ಹೋಗಿತ್ತು. ಪೂರ್ತಿಯಲ್ಲ, ನೇರ ನೋಡಿದ್ದು ಮಾಯವಾಗಿ ಸುತ್ತಲಿನ ಅಂಚು ಮಾತ್ರ ಕಾಣುವ ಕಾಯಿಲೆ. ಆಪರೇಷನ್ನಿನಿಂದ ಆಗುವಂಥದ್ದಲ್ಲ ಎಂದು ಕಣ್ಣಿನ ಡಾಕ್ಟರು ಕೈಚೆಲ್ಲಿದ್ದರು. ಸೋದರಸೊಸೆಯನ್ನು ಕರೆಸಿಕೊಂಡದ್ದೇ ಆ ವಾರ. ಮೇಣದಲ್ಲಿ ಹಲ್ಲು ಕೂರಿಸುವುದು, ತೀಡುವುದು, ಹೊಳಪು ಕೊಡುವುದು ಎಲ್ಲವೂ ಅವಳದು. ಮುಗಿದಮೇಲೆ ಅವನು ಹೆಬ್ಬೆರಳು ಆಡಿಸಿ, ‘ಹಿಂದಿನ ದವಡೆಹಲ್ಲು ಕೂದಲೆಳೆ ಎತ್ತರ’ ಅನ್ನುತ್ತಿದ್ದ, ಅವನ ಮಾತು ಸರಿಯಾಗೇ ಇರುತ್ತಿತ್ತು. ಒಂಬತ್ತು ವೈದ್ಯರು ಮೂವತ್ತು ವರ್ಷದಿಂದ ಆ ಅರ್ಧಚಂದ್ರವನ್ನು ನಂಬಿ ಕೆಲಸ ಕಳಿಸುತ್ತಿದ್ದರು. ಅವನ ಕೈ ಎಂದು ಕೊಟ್ಟದ್ದು ಹುಡುಗಿಯೊಬ್ಬಳ ಕೈ ಎಂದು ತಿಳಿದರೆ ಲ್ಯಾಬಿಗೆ ಬೀಗ ಬೀಳಬಹುದು.

ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಅಚ್ಚುಗಳನ್ನು ಪುನಃ ಹಲಗೆಗೇರಿಸುವುದು, ಇಳಿಸುವುದು. ಸೀಟು ಬಿಟ್ಟರಾಯಿತು ಎಂದು ಒಂದು ಸಲ ಮನಸ್ಸಿಗೆ ಬಂತು. ಅದರಲ್ಲಿ ದುಃಖಕ್ಕಿಂತ ಹೆಚ್ಚಾಗಿ, ಇನ್ನು ಆ ಕಬ್ಬಿಣದ ಕುರ್ಚಿಯಲ್ಲಿ ಕೂರಬೇಕಿಲ್ಲ ಎಂಬ ನಿರಾಳವಿತ್ತು. ಗುರುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದವಳನ್ನು ನೋಡಿ ನೋಡಿ ಅತ್ತೆಗೆ ರೇಗಿತು. ಪೀಡಿಸಿ ಪೀಡಿಸಿ ವಿಷಯ ಹೊರಡಿಸಿದಳು. ಕಣ್ಣಿನ ಮಾತನ್ನಷ್ಟೇ ಬಿಟ್ಟು ಅವಳು ಎಲ್ಲ ಹೇಳಿದಳು.

ಅತ್ತೆ ಗಂಡನ ಕಡೆ ತಿರುಗಿದಳು. “ಕೇಳಿಸ್ತಾ? ಕಣ್ಣು ಹೋದ್ರೆ ಕಿವಿನೂ ಹೋಗಿರಲ್ಲ.”

ಮಾವನ ಕೈ ತುತ್ತಿನ ಅರ್ಧದಲ್ಲಿ ನಿಂತಿತು.

“ಯಾವಾಗ ಗೊತ್ತಾಯ್ತು ನಿಂಗೆ?”

“ನೀವು ಮಜ್ಜಿಗೆಗೆ ಉಪ್ಪು ಅಂತ ಪ್ಲಾಸ್ಟರ್ ಹಾಕ್ಕೊಂಡು ಕುಡಿದ್ರಲ್ಲ, ಅವತ್ತು. ಕುಡಿದು ಚೆನ್ನಾಗಿದೆ ಅಂತ ಬೇರೆ ಅಂದ್ರಿ. ಹೊಟ್ಟೆ ಕಲ್ಲಾಗಿಬಿಡತ್ತೇನೋ ಅಂತ ನಾನು ಮೂರು ದಿನ ನಿದ್ದೆ ಮಾಡಿಲ್ಲ.”

ಯಾರೂ ನಗಲಿಲ್ಲ, ಆದರೆ ನಗು ಅಲ್ಲೇ ಎಲ್ಲೋ ಕೂತಿತ್ತು. ಮಾವ ತುತ್ತು ನುಂಗಿ, ನೀರು ಕುಡಿದು, ಸೊಸೆ ಕೂತಿದ್ದ ಕಡೆಗಿಂತ ತುಸು ಪಕ್ಕಕ್ಕೆ ಮುಖಮಾಡಿ, ನಾಳೆ ಎಷ್ಟು ಗಂಟೆಗೆ ಎಂದಷ್ಟೇ ಕೇಳಿದ.

ಸಮಿತಿಯಲ್ಲಿ ಮೂವರಿದ್ದರು. ಕಾನೂನು ಪಾಠ ಹೇಳುವ ಅಧ್ಯಕ್ಷರು, ಕುಲಸಚಿವರ ಕಚೇರಿಯ ಒಬ್ಬ ಹೆಂಗಸು, ಮಾತಿಗೊಮ್ಮೆ ಆಕಳಿಸುವ ಮತ್ತೊಬ್ಬರು. ಬರೆದುಕೊಳ್ಳಲು ಕಿಟಕಿಯ ಗುಮಾಸ್ತೆ. ಹುಡುಗಿ ಮೂಟೆ ಬಿಚ್ಚಿ ತಿಂಗಳಿಗೊಂದರಂತೆ ಹದಿನಾಲ್ಕು ದವಡೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಆಕಳಿಸುತ್ತಿದ್ದವರು ಬಾಯಿ ಮುಚ್ಚಿಕೊಂಡರು.

ಅಧ್ಯಕ್ಷರು ಒಂದನ್ನು ತಿರುಗಿಸಿ ನೋಡಿ, ಈ ಗುರುತು ಯಾರದು ಎಂದರು. ಮಾವನದು, ಅಂದಳು. ಹಾಗಾದರೆ ಇದು ಮಾವ ಇಲ್ಲಿದ್ದರು ಅನ್ನುವುದಕ್ಕೆ ಸಾಕ್ಷಿಯಾಯಿತು, ನೀವಿದ್ದಿರಿ ಅನ್ನುವುದಕ್ಕಲ್ಲ, ಎಂದರು. ನ್ಯಾಯವಾದ ಮಾತು. ಅದಕ್ಕೆ ಉತ್ತರ ಮಾವನ ಕಣ್ಣಿನ ವಿಷಯ. ಅದು ಅವಳು ಆಡುವ ಮಾತಾಗಿರಲಿಲ್ಲ.

ಹಿಂದೆ ಕೂತಿದ್ದ ಮಾವ ಎದ್ದ. ಮೇಜಿನ ಅಂಚು ಸವರಿಕೊಂಡು ಬಂದು ನಿಂತ.

“ನಿಮ್ಮ ಕಿವಿ ನಂಗೆ ಕಾಣತ್ತೆ ಸ್ವಾಮಿ. ಹಿಂದಿನ ಗೋಡೆ ಗಡಿಯಾರ ಕಾಣತ್ತೆ. ಮುಖ ಇರೋ ಕಡೆ ಹೊಗೆ. ಎರಡು ವರ್ಷ ಆಗ್ತಾ ಬಂತು. ಇವುಗಳಲ್ಲಿ ಒಂದನ್ನೂ ನಾನು ಮಾಡಿಲ್ಲ. ಎಲ್ಲ ಇವಳು ಮಾಡಿದ್ದು, ನನ್ನ ಹೆಸರಲ್ಲಿ ಹೋಗಿದ್ದು.”

ಜೇಬಿನಿಂದ ಒಂದು ಹಳೆಯ ಅಚ್ಚು ತೆಗೆದು, ಮೇಜಿನ ಮೇಲಿನದೊಂದರ ಪಕ್ಕದಲ್ಲಿ ಇಟ್ಟ. ಕಣ್ಣಲ್ಲಿ ನೋಡಬೇಡಿ, ಬೆರಳಲ್ಲಿ ನೋಡಿ ಎಂದ. ಅವನ ಗೀರು ಎಡದಿಂದ ಆಳವಾಗಿ ಹೊರಟು ಬಲಕ್ಕೆ ತೇಲುತ್ತದೆ. ಇವಳು ಎಡಗೈಯವಳು, ಇವಳದು ತಿರುಗುಮುರುಗು. ಮೂವರೂ ಸರದಿಯಲ್ಲಿ ಹೆಬ್ಬೆರಳಾಡಿಸಿದರು. ಗುಮಾಸ್ತೆಯೂ ಯಾರೂ ಹೇಳದೆ ಎದ್ದು ಬಂದು ಸವರಿ ಹೋದಳು.

ಕುಲಸಚಿವರ ಕಚೇರಿಯ ಹೆಂಗಸು ಕೆಮ್ಮಿ, ಇದನ್ನು ಹಾಗೇ ಒಪ್ಪಿಕೊಳ್ಳುವಂತಿಲ್ಲ, ಅಚ್ಚಿನ ಮೇಲಿರುವ ಇಬ್ಬರು ವೈದ್ಯರಿಗಾದರೂ ಫೋನ್ ಮಾಡಿ, ಇದು ಇವಳ ಕೈಕೆಲಸ ಎಂದು ತಿಳಿಸಿ, ತಾರೀಖು ವಿಚಾರಿಸಬೇಕು, ತಮ್ಮದೇನಾದರೂ ಆಕ್ಷೇಪಣೆ ಇದೆಯೇ ಎಂದು ಮಾವನನ್ನು ಕೇಳಿದಳು.

“ವಿಚಾರಿಸಿ,” ಎಂದ ಮಾವ. “ನಾನೇ ಹೇಳ್ಬೇಕಿತ್ತು. ಹೇಳೋ ಧೈರ್ಯ ಇರ್ಲಿಲ್ಲ.”

ಅಧ್ಯಕ್ಷರು ಅರ್ಜಿಯ ಕೊನೆಯ ಪುಟ ತೆಗೆದರು. ಅಲ್ಲಿಯ ಕೊನೆಯ ಪ್ರಶ್ನೆಯನ್ನು ಅರ್ಜಿದಾರರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ಪದ್ಧತಿ.

“ಓದು ಮುಗಿದ ಮೇಲೂ ಇಲ್ಲೇ ಇರೋ ಉದ್ದೇಶ ಇದೆಯಾ?”

ಅರ್ಜಿಯಲ್ಲಿ ಅವಳು ಹೌದು ಎಂದು ಬರೆದಿದ್ದಳು. ಎಲ್ಲರೂ ಹಾಗೇ ಬರೆಯುತ್ತಾರೆ. ನಿಜ ಹೇಳಬೇಕೆಂದರೆ, ಪದವಿ ಕೈಗೆ ಬಂದ ದಿನವೇ ಪ್ಲಾಸ್ಟರಿನ ಧೂಳಿಲ್ಲದ ಯಾವುದಾದರೂ ಊರಿಗೆ ಹೋಗಿ, ಯಾರ ದವಡೆಯೂ ಇಲ್ಲದ ಕೋಣೆಯಲ್ಲಿ ಮಲಗಬೇಕೆಂಬುದು ಅವಳ ಆಸೆ. ಅದಕ್ಕಾಗಿಯೇ ಅವಳು ಓದಲು ಸೇರಿದ್ದು. ಮಾವ ಆಗಲೇ ದವಡೆಗಳನ್ನು ತಡವಿ ತಡವಿ ಮೂಟೆಗೆ ತುಂಬುತ್ತಿದ್ದ. ಒಂದು ದವಡೆ ಮೂಟೆಯ ಬಾಯಿಗೆ ಸಿಗದೆ ಪಕ್ಕಕ್ಕೆ ಬಿತ್ತು, ಎರಡು ತುಂಡಾಯಿತು. ಅವನು ನೆಲ ಸವರುತ್ತ, ಸದ್ದು ಬಂದ ಕಡೆ ಅಲ್ಲದೆ ಬೇರೆ ಕಡೆ ಹುಡುಕಿದ. ಒಂಬತ್ತು ವೈದ್ಯರಲ್ಲಿ ನಾಳೆ ಎಷ್ಟು ಜನ ಉಳಿದರೂ ಅವರು ಉಳಿಯುವುದು ಅವಳ ಕೈಯನ್ನು ನಂಬಿಯೇ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು.

“ಇರ್ತೀನಿ,” ಅಂದಳು.

ಅಷ್ಟು ದಿನದಲ್ಲಿ ಆ ಕಟ್ಟಡದೊಳಗೆ ಅವಳು ಆಡಿದ ಮಾತುಗಳಲ್ಲಿ ಯಾರೂ ಪುರಾವೆ ಕೇಳದೆ ಬರೆದುಕೊಂಡದ್ದು ಅದೊಂದೇ.

ಹತ್ತು ದಿನಕ್ಕೆ ಪತ್ರ ಬಂತು. ಎರಡನೆಯ ಅವಧಿಯಿಂದ ನಿವಾಸಿ ಶುಲ್ಕ. ಅತ್ತೆ ಅದನ್ನು ಜೋರಾಗಿ ಎರಡು ಸಲ ಓದಿದಳು. ಅಷ್ಟರಲ್ಲಿ ಮೂವರು ವೈದ್ಯರು ಕೆಲಸ ನಿಲ್ಲಿಸಿದ್ದರು, ಒಬ್ಬರು ನೋಡೋಣ ಎಂದಿದ್ದರು, ಐವರು ಏನೂ ಅನ್ನದೆ ಎಂದಿನಂತೆ ಅಳತೆ ಕಳಿಸಿದ್ದರು. ಅವಳು ಬೆಳಗಿನಿಂದ ಅವುಗಳಿಗೆ ಪ್ಲಾಸ್ಟರ್ ಹುಯ್ದು, ಸಂಜೆಯ ತರಗತಿಗೆಂದು ಮೊಣಕೈವರೆಗೂ ಕೈ ತೊಳೆದು, ಪುಸ್ತಕದ ಚೀಲ ಹೆಗಲಿಗೇರಿಸಿದಳು.

ಮಾವ ಬಾಗಿಲ ಕಡೆ ಮುಖ ಮಾಡಿದ.

“ಎಷ್ಟು ಹೊತ್ತಿಗೆ ಬರ್ತೀಯೇ?”

ಇಷ್ಟು ದಿನ ಅವನು ಹಾಗೆ ಕೇಳಿದವನಲ್ಲ. ಎಂಟಕ್ಕೆ ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿದಳು.