ಸಾಕಿದವಳು ಹೇಳಿದ ಗುಣದೋಷ

ಆರು ಹಸುಗಳು ಹರಾಜಾಗುತ್ತವೆ ಎಂಬ ಸುದ್ದಿ ಅವುಗಳನ್ನು ಸಾಕಿದವಳಿಗೆ ಊರಿನವರ ಜೊತೆಯಲ್ಲೇ ಗೊತ್ತಾಯಿತು. ಅದೂ ವಾರಪತ್ರಿಕೆಯ ಮೂರನೆಯ ಪುಟದಲ್ಲಿ, ಹಲ್ಲುಪುಡಿಯ ಜಾಹೀರಾತಿನ ಕೆಳಗೆ.

"ಏನು ಹಾಲಕ್ಕಾ, ಇನ್ನು ನಮಗೆಲ್ಲ ಬರೀ ಕಪ್ಪು ಕಾಫೀನಾ?" ಎಂದ ದರ್ಜಿ, ಪಾತ್ರೆ ಹಿಡಿದು ಹೊರಗೆ ಬರುತ್ತಾ.

"ಯಾಕೆ, ನನಗೇನಾಗಿದೆ?"

"ನಿಮಗೇನೂ ಆಗಿಲ್ಲ. ಹಸು ಮಾರ್ತಿದ್ದೀರಲ್ಲ." ಬಟ್ಟೆಯ ಅಳತೆ ಕತ್ತರಿಸಲು ಮೇಜಿನ ಮೇಲೆ ಹರಡಿದ್ದ ಪತ್ರಿಕೆಯನ್ನು ಅವನು ಅವಳ ಕಡೆ ತಿರುಗಿಸಿದ. ಒಂದು ತೋಳು ಆಗಲೇ ಕತ್ತರಿಸಿ ಹೋಗಿತ್ತು, ಹರಾಜು ಉಳಿದಿತ್ತು.

'ಯಜಮಾನರು ಬೇಸಾಯ ಬಿಡುತ್ತಿರುವುದರಿಂದ: ಟ್ರ್ಯಾಕ್ಟರ್ ಒಂದು, ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ, ಹಾಲು ಕೊಡುವ ಹಸುಗಳು ಆರು, ಹಾಲಿನ ಕ್ಯಾನುಗಳು, ಕಬ್ಬಿಣದ ಮಂಚ ಒಂದು. ಮುಂದಿನ ವಾರದ ಶನಿವಾರ, ಅಂಗಳದಲ್ಲೇ.'

ಯಜಮಾನರು ಎಂದರೆ ಅವಳ ತಮ್ಮ. ಅವ್ವ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಹಸುಗಳು ಎಂದರೆ, ಕರುವಾಗಿದ್ದಾಗ ಬೆರಳು ಚೀಪಿಸಿ ಹಾಲು ಕುಡಿಯಲು ಅವಳು ಕಲಿಸಿದವು. ಮಂಚ ಎಂದರೆ ಅವಳು ಮಲಗುವ ಮಂಚ. ಅವಳ ಹಾಸಿಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿತ್ತು. ಪಟ್ಟಿ ಹೇಳಲು ಹೊರಟ ತಮ್ಮ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳುತ್ತಾ ನಡೆದಿದ್ದ. ಕ್ಯಾನುಗಳಾದ ಮೇಲೆ ಮಂಚ ಕಂಡಿತ್ತು.

ಆ ಪತ್ರಿಕೆಯಲ್ಲಿ ಹಸುವಿನ ಹಾಲಿಗೆ ಜಾಗವಿತ್ತು, ಹೋರಿಯ ವಯಸ್ಸಿಗೆ ಜಾಗವಿತ್ತು, ಕಳೆದುಹೋದ ನಾಯಿಯ ಬಾಲದ ಬಣ್ಣಕ್ಕೂ ಜಾಗವಿತ್ತು. ಹಾಲು ಕರೆದವಳಿಗೆ, ಸಗಣಿ ಬಾಚಿದವಳಿಗೆ, ರಾತ್ರಿಯೆಲ್ಲ ಕೂತು ಕರು ಹಾಕಿಸಿದವಳಿಗೆ ಒಂದು ಸಾಲಿಲ್ಲ. ಹೆಂಗಸರು ಅಲ್ಲಿ ಅಚ್ಚಾಗುತ್ತಿದ್ದದ್ದು ಸತ್ತಾಗ; ಆಗಲೂ ಇಂಥವರ ಹೆಂಡತಿ, ಇಂಥವರ ತಾಯಿ. ಯಜಮಾನರು ಬೇಸಾಯ ಬಿಡುತ್ತಾರಂತೆ. ಯಾರು ಮಾಡಿದ ಬೇಸಾಯ?

"ಅಜ್ಜಿಗೆಲ್ಲಿದೆ ಹಾಲು?" ಎಂದಳು ಹಾಲಕ್ಕ.

"ಯಾವ ಅಜ್ಜಿಗೆ?" ದರ್ಜಿ ಗಾಬರಿಯಾದ.

"ನಮ್ಮ ಮುದಿ ಹಸುಗೆ. ಆರೂ ಹಾಲು ಕೊಡ್ತವೆ ಅಂತ ಬರೆಸಿದ್ದಾನೆ. ಹಸಿ ಸುಳ್ಳು." ಪಾತ್ರೆಗೆ ಹಾಲು ಸುರಿದು, ಪ್ರತಿದಿನದಂತೆ ಮೇಲಿಷ್ಟು ಹಾಕಿ ನಡೆದಳು.

ಮನೆಯಲ್ಲಿ ತಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದ. ಕಾಲು ಮಡಚಲು ಆಗದೆ ಅವನು ವರ್ಷದಿಂದ ಟ್ರ್ಯಾಕ್ಟರ್ ಹತ್ತಿರಲಿಲ್ಲ. ಗುತ್ತಿಗೆಗೆ ಹಿಡಿದ ಹೊಲದ ವಾಯಿದೆ ಮುಗಿಯುತ್ತಿತ್ತು. ಮಗಳ ಊರಿಗೆ ಹೋಗಿ ಇರುವುದೆಂದು ಗಂಡ ಹೆಂಡತಿ ತೀರ್ಮಾನಿಸಿಯಾಗಿತ್ತು. ಸ್ವಂತದ್ದೆಂದು ಇದ್ದದ್ದು ಈ ಮನೆ ಮತ್ತು ಕೊಟ್ಟಿಗೆ, ಅದಕ್ಕೆ ಬೀಗ.

"ನಿನಗೂ ಅಲ್ಲಿ ಹಿಂದಿನ ಕೋಣೆ ಖಾಲಿ ಮಾಡಿಸಿದ್ದೀನಿ ಅಕ್ಕಾ. ಸಗಣಿ ಬಾಚಿದ್ದು ಸಾಕು. ಕೂತು ಉಣ್ಣು."

"ನನ್ನನ್ನ ಕೇಳಬೇಕಿತ್ತು ನೀನು."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಬೇಕಿತ್ತು."

ಒಳಗಿನಿಂದ ತಮ್ಮನ ಹೆಂಡತಿ, "ಅತ್ತಿಗೆ, ಇವರು ನಿಮಗೆ ಒಳ್ಳೇದಾಗಲಿ ಅಂತಾನೇ..." ಎಂದಳು. ಅದು ನಿಜವೇ. ಮನೆಯ ಗಂಡಸರು ಹೆಂಗಸರಿಗೆ ಮಾಡುವ ಒಳ್ಳೆಯದೆಲ್ಲ ಹೀಗೆಯೇ ಬರುತ್ತದೆ, ಬಾಗಿಲು ತಟ್ಟದೆ.

ಹಾಲಕ್ಕ ಜಗಳಕ್ಕೆ ನಿಲ್ಲಲಿಲ್ಲ. ಅವಳ ತಲೆಯಲ್ಲಿ ಅಜ್ಜಿಯ ಹಾಲಿನ ಸುಳ್ಳು ಕುದಿಯುತ್ತಿತ್ತು. ಸುಳ್ಳು ಹೇಳಿ ಕರೆದ ಜನಕ್ಕೆ ನಿಜ ಹೇಳಿಬಿಟ್ಟರೆ? ಒಂದೊಂದು ಹಸುವಿನ ಒಂದೊಂದು ಐಬನ್ನೂ ಊರಿಗೇ ಸಾರಿದರೆ? ಕೊಳ್ಳಲು ಯಾರು ಬರುತ್ತಾರೆ? ಮಾರಾಟವಾಗದ ಹಸುವನ್ನು ತಮ್ಮ ಮಗಳ ಮನೆಯ ಹಿಂದಿನ ಕೋಣೆಗಂತೂ ಒಯ್ಯಲಾರ.

ಪತ್ರಿಕೆಯ ಕಚೇರಿ ಬೇಳೆಕಾಳಿನ ಅಂಗಡಿಯ ಹಿಂಬದಿಯಲ್ಲಿತ್ತು. ಮುಂದಿನ ಮೇಜು ಸಂಪಾದಕರದು. ಹಿಂದೆ ಅಚ್ಚಿನ ಮೊಳೆಗಳ ಗೂಡುಗಳ ನಡುವೆ ಮೊಳೆ ಜೋಡಿಸುವವಳು ನಿಂತಿರುತ್ತಿದ್ದಳು, ಎಡಗೈ ಬೆರಳ ತುದಿ ಸದಾ ಕಪ್ಪು. ಜಾಹೀರಾತು ಬರೆದುಕೊಳ್ಳುತ್ತಿದ್ದವಳೂ ಅವಳೇ. ಪ್ರತಿ ವಾರ ಬೇಕಾಗುವ ಸಾಲುಗಳನ್ನು ಅವಳು ಬಿಚ್ಚುತ್ತಿರಲಿಲ್ಲ. 'ಯಜಮಾನರು ಬೇಸಾಯ ಬಿಡುತ್ತಿರುವುದರಿಂದ' ಎಂಬುದು ದಾರ ಸುತ್ತಿಸಿಕೊಂಡು ಇಡಿಯಾಗಿ ಗೂಡಿನಲ್ಲಿ ಕೂತಿರುತ್ತಿತ್ತು, ಬೇಕಾದಾಗ ಎತ್ತಿಟ್ಟರಾಯಿತು.

"ಹರಾಜಿಗೆ ಎದುರಾಗಿ ಜಾಹೀರಾತು ಹಾಕೋ ಪದ್ಧತಿ ನಮ್ಮಲ್ಲಿಲ್ಲಮ್ಮ," ಎಂದರು ಸಂಪಾದಕರು. ಹರಾಜುಗಾರ ಅವರ ದೊಡ್ಡ ಗಿರಾಕಿ. ಅವನು ಮುನಿದರೆ ಮೂರನೆಯ ಪುಟ ಬೋಳು.

"ಎದುರಾಗಿ ಅಲ್ಲ ಸಾರ್, ಪಕ್ಕದಲ್ಲಿ ಹಾಕ್ತೀನಿ," ಎಂದಳು ಮೊಳೆಯವಳು.

"ಏನಿರುತ್ತೆ ಅದರಲ್ಲಿ?"

"ಹಸುಗಳ ಗುಣದೋಷ," ಎಂದಳು ಹಾಲಕ್ಕ.

ಹಸುವಿನ ಗುಣ ಹೇಳಿದರೆ ಹರಾಜುಗಾರ ಯಾಕೆ ಬೇಡ ಎಂದಾನು? ಸಂಪಾದಕರು ಕೈ ಬೀಸಿ ಒಪ್ಪಿದರು. 'ದೋಷ' ಎಂಬ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ಹಾಲಕ್ಕ ನಿಂತೇ ಹೇಳಿದಳು, ಮೊಳೆಯವಳು ಬರೆದುಕೊಂಡಳು.

"ಕರಿ. ಒದೀತಾಳೆ. ಹಿಂದಿನಿಂದ ಹೋದ್ರೆ ಗ್ಯಾರಂಟಿ ಒದೀತಾಳೆ. ಮುಖ ತೋರಿಸಿ, ಬೆನ್ನ ಮೇಲೆ ಕೈ ಎಳ್ಕೊಂಡು ಹೋದ್ರೆ ಒದೆಯಲ್ಲ. ಬರ್ಕೊಂಡ್ಯಾ? ಮಳ್ಳಿ. ಹಗ್ಗ ಬಿಚ್ಚತಾಳೆ, ನಾಲಿಗೇಲೇ. ದೂರ ಹೋಗಲ್ಲ, ತೊಟ್ಟಿ ಹತ್ರ ನಿಂತು ಏನೂ ಗೊತ್ತಿಲ್ಲದೋಳ ಹಾಗೆ ನೋಡ್ತಾಳೆ. ಸೊಟ್ಟಿ. ಒಂದು ಕೊಂಬು ಸೊಟ್ಟ, ಒಂದು ಮೊಲೆ ಬತ್ತಿದೆ. ಮೂರರಲ್ಲೇ ನಾಲ್ಕರ ಹಾಲು ಕೊಡ್ತಾಳೆ. ಗುಡುಗಿದ್ರೆ ಹಾಲು ಇಳಿಸಲ್ಲ. ಪಕ್ಕ ಕೂತು ಮಾತಾಡ್ತಾ ಇರ್ಬೇಕು. ಏನು ಮಾತಾಡಿದ್ರೂ ನಡಿಯತ್ತೆ, ಊರ ಸುದ್ದಿ ಆದ್ರೆ ಇಷ್ಟ. ಅಕ್ಕ ತಂಗಿ, ಅವಳಿ. ಒಂದನ್ನ ಬಿಟ್ಟು ಒಂದನ್ನ ಒಯ್ದರೆ ಎರಡೂ ಮೇವು ಬಿಡ್ತವೆ. ಅಜ್ಜಿ. ಹಾಲಿಲ್ಲ, ಹಲ್ಲಿಲ್ಲ. ಆದ್ರೆ ಅವಳು ಮುಂದೆ ನಡೆದ್ರೆ ಉಳಿದವು ಕೋಲಿಲ್ಲದೆ ಹಿಂದೆ ಬರ್ತವೆ."

ಮೊಳೆಯವಳು ಪೆನ್ಸಿಲ್ ಎತ್ತಿದಳು. "ಹಾಲಕ್ಕಾ, ಇದು ಬಯ್ಯೋದೋ, ಹೆಣ್ಣು ತೋರಿಸೋದೋ?"

"ಬಯ್ಯೋದೇ."

"ಮತ್ತೆ ಒದೀತಾಳೆ ಅಂತ ಹೇಳಿ ನಿಲ್ಲಿಸಿ. ಒದೆಯದ ಹಾಗೆ ಹೋಗೋದು ಹೇಗೆ ಅಂತ ಯಾಕೆ ಕಲಿಸ್ತೀರ?"

ಹಾಲಕ್ಕ ತಡವರಿಸಿದಳು. "ಅರ್ಧ ಹೇಳಿದ್ರೆ ಅದೂ ಸುಳ್ಳೇ ಅಲ್ವಾ? ಬಾಯಿಲ್ಲದವು. ಅವುಗಳ ಮೇಲೆ ಚಾಡಿ ಹೇಳಿದ ಹಾಗಾಗತ್ತೆ."

ಮೊಳೆಯವಳು ಅವಳನ್ನೇ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಇನ್ನೊಂದು. ಗುಣದೋಷ ಹೇಳಿದೋರೇ ಹಗ್ಗ ಕೊಡಬೇಕು. ನೆನಪಿದೆ ತಾನೆ?" ಎಂದಳು.

ಆ ಸೀಮೆಯ ದನದ ಹರಾಜಿನ ಕಟ್ಟುಪಾಡು ಅದು. ಪ್ರಾಣಿಯ ಗುಣದೋಷಕ್ಕೆ ಯಾರು ಮಾತು ಕೊಟ್ಟರೋ ಅವರ ಕೈಯಿಂದಲೇ ಹಗ್ಗ ಕೊಂಡವನ ಕೈಗೆ ಹೋಗಬೇಕು. ನಾಳೆ ಐಬು ಕಂಡರೆ ಅವನು ಬಂದು ಹಿಡಿಯುವುದು ಅದೇ ಕೈಯನ್ನು. ಹಗ್ಗ ಹೋಗದಿದ್ದರೆ ವ್ಯಾಪಾರವೂ ಆಗಲಿಲ್ಲ.

"ಕೊಳ್ಳೋರು ಬಂದ್ರಲ್ಲವೇ ಹಗ್ಗದ ಮಾತು?" ಎಂದು ಹಾಲಕ್ಕ ಹೊರಟಳು.

ಜನ ಬಂದರು. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಲಿಯುದ್ದಕ್ಕೂ ಗಾಡಿ, ಸೈಕಲ್ಲು. ಟ್ರ್ಯಾಕ್ಟರ್ ಸುತ್ತ ನಾಲ್ಕೈದು ಜನ. ಉಳಿದವರೆಲ್ಲ ಕೊಟ್ಟಿಗೆಯ ಮುಂದೆ, ಜೇಬಿನಲ್ಲಿ ಮಡಚಿದ ಪತ್ರಿಕೆ.

"ಇದೇನಾ ಊರ ಸುದ್ದಿ ಕೇಳೋಳು?"

"ಏ, ಹಿಂದಿನಿಂದ ಹೋಗ್ಬೇಡ ಮಾರಾಯಾ, ಓದಿಲ್ವಾ? ಮುಖ ತೋರಿಸು!"

"ಇವನ ಮುಖ ತೋರಿಸಿದ್ರೆ ಮುಂದಿನ ಕಾಲಲ್ಲೇ ಒದೀತಾಳೆ, ಬಿಡು."

ಹಾಲಕ್ಕ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದಳು, ಮುಖ ಬಿಳಿಚಿತ್ತು. ವರ್ಷಗಟ್ಟಲೆ 'ಸಾಧು ಸ್ವಭಾವ, ಭರ್ತಿ ಹಾಲು' ಎಂದು ಓದಿ ಓದಿ ಮೋಸಹೋದ ಜನ, ಒದೆಯುತ್ತಾಳೆ ಎಂದು ತಾನಾಗಿ ಹೇಳಿದ ಒಂದೇ ಜಾಹೀರಾತನ್ನು ನಂಬಿ ದೂರದೂರದಿಂದ ಬಂದಿದ್ದರು. ಓಡಿಸಲು ಎಸೆದ ಕಲ್ಲಿಗೆ ಊರೇ ಮುತ್ತಿತ್ತು.

"ನೀನು ಹಾಕಿಸಿದ್ದು ನೋಡಿ ಮೊದಲು ಕೋಪ ಬಂತು ಅಕ್ಕಾ," ಎಂದ ತಮ್ಮ, ಕೋಲೂರಿ ಹತ್ತಿರ ಬಂದು. ಮುಖ ಅರಳಿತ್ತು. "ಈಗ ನೋಡು ಜನ!"

ಹರಾಜುಗಾರನನ್ನು ಊರು 'ಗಂಟಲು' ಎನ್ನುತ್ತಿತ್ತು. ಅವನು ಪತ್ರಿಕೆಯ ಪಟ್ಟಿ ಹಿಡಿದೇ ಕೂಗುವವನು. ಆದರೆ ಜನ ಹಸುವಿಗಾಗಿ ಬಂದದ್ದನ್ನು ಕಂಡು, ಅವರು ಚದುರದಿರಲೆಂದು ಹಸುಗಳನ್ನು ಕೊನೆಗಿಟ್ಟು ಉಳಿದದ್ದನ್ನು ಮೊದಲು ಹಿಡಿದ. ಟ್ರ್ಯಾಕ್ಟರ್ ಹೋಯಿತು, ನೇಗಿಲು ಹೋಯಿತು, ಕ್ಯಾನುಗಳು ಹೋದವು. ಇಬ್ಬರು ಆಳುಗಳು ಮಂಚ ಹೊತ್ತು ತಂದು ಅಂಗಳದ ನಡುವೆ ಇಟ್ಟರು. ಮೇಲೆ ಸುತ್ತಿದ ಹಾಸಿಗೆ, ಹಾಸಿಗೆಯ ಮೇಲೆ ಅವಳ ಮಾಸಿದ ಸ್ವೆಟರು.

"ಕಬ್ಬಿಣದ ಮಂಚ! ಗಟ್ಟಿ ಮಂಚ!"

"ಹಾಸಿಗೇಲಿ ಬಿಸಿ ಇನ್ನೂ ಆರಿಲ್ಲ ಅನ್ಸತ್ತೆ," ಎಂದ ಯಾರೋ. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ.

ತಮ್ಮ ಸ್ವೆಟರು ನೋಡಿದ. ಅದರ ಮೊಣಕೈಯ ಹೊಲಿಗೆ ನೋಡಿದ. "ಅದನ್ನ ಬಿಡ್ರಯ್ಯ," ಎಂದ. "ಅದು... ತಪ್ಪಿ ಬಂದಿದೆ. ಒಳಗಿಡಿ."

ಮೊದಲು ಕರಿ. ಗಂಟಲು ಕೂಗು ತೆಗೆದದ್ದೇ ತಡ, ಬೆಲೆ ಏಣಿ ಹತ್ತಿತು. ಕೊನೆಗೆ ಉಳಿದವನು ಒಬ್ಬ ಡೇರಿಯವನು, ದಪ್ಪ ಮೀಸೆ, ನಿಧಾನದ ಮಾತು. "ಆಯ್ತು, ನಿಮ್ಮದು!" ಎಂದ ಗಂಟಲು. ಡೇರಿಯವನು ಹಾಲಕ್ಕನ ಮುಂದೆ ಬಂದು, ಕರಿಗೆ ಮುಖ ತೋರಿಸಿ, ಬೆನ್ನ ಮೇಲೆ ಕೈ ಎಳೆದು, ಅಂಗೈ ಚಾಚಿದ.

ಹಗ್ಗ ಬರಲಿಲ್ಲ.

"ಕೊಡಿ ಅಮ್ಮಾ."

"ಗುಣದೋಷ ಹೇಳಿದ್ದೀನಿ," ಎಂದಳು ಹಾಲಕ್ಕ. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಕೊಡ್ತೀನಿ ಅಂತ ಎಲ್ಲೂ ಹೇಳಿಲ್ಲ. ಓದಿ ನೋಡಿ."

ನಾಲ್ಕಾರು ಕೈಗಳು ನಿಜವಾಗಿಯೂ ಪತ್ರಿಕೆ ಬಿಚ್ಚಿದವು.

"ಏನಮ್ಮಾ ಇದು ಆಟ? ಯಜಮಾನ್ರೇ, ನೀವೇ ಕೊಡಿ ಹಗ್ಗ!" ಎಂದ ಗಂಟಲು.

"ಅವರ ಕೈಯಿಂದ ನನಗೆ ಬೇಡ," ಎಂದ ಡೇರಿಯವನು, ಅಷ್ಟೇ ನಿಧಾನವಾಗಿ. "ನಾಳೆ ಇದು ಒದ್ರೆ ನಾನು ಯಾರನ್ನ ಕೇಳಲಿ? ಮಾತು ಕೊಟ್ಟೋರು ಇವರು."

"ಹೌದು ಹೌದು," ಎಂದಿತು ಗುಂಪು. ಕಟ್ಟುಪಾಡು ಕಟ್ಟುಪಾಡೇ. ಇಷ್ಟು ಕಾಲ ಕೊಳ್ಳುವವನನ್ನಷ್ಟೇ ಕಾದುಕೊಂಡು ಬಂದ ಕಟ್ಟುಪಾಡು ಆ ದಿನ ಮೊದಲ ಬಾರಿಗೆ ಸಾಕಿದವಳ ಕಡೆ ತಿರುಗಿ ನಿಂತಿತ್ತು.

ತಮ್ಮನ ಕಿವಿ ಕೆಂಪಾಯಿತು. "ಏನು ಬೇಕು ಅಕ್ಕಾ ನಿನಗೆ? ಇಷ್ಟು ಜನರ ಮುಂದೆ!"

"ಮನೇಲಿ ಕೇಳಿದ್ದಿದ್ರೆ ಮನೇಲೇ ಹೇಳ್ತಿದ್ದೆ. ಪೇಪರಲ್ಲಿ ಹೇಳಿದೋನು ನೀನು. ಈಗ ಕೇಳು."

ಅವನು ಅವಳನ್ನೂ ಜನರನ್ನೂ ಮಂಚ ಒಳಗೆ ಹೋದ ಬಾಗಿಲನ್ನೂ ನೋಡಿದ. ಕೋಲಿನ ಮೇಲೆ ಭಾರ ಬಿಟ್ಟು, ಚಿಕ್ಕಂದಿನಲ್ಲಿ ಏನಾದರೂ ಒಡೆದು ಬಂದಾಗ ನಿಲ್ಲುತ್ತಿದ್ದ ಹಾಗೆ ನಿಂತು ಕೇಳಿದ: "ಏನು ಬೇಕು, ಹೇಳು."

ಇದೇ ಪ್ರಶ್ನೆಗಾಗಿ ಅವಳು ಕಾದಿದ್ದಳು. ಆರೂ ಬೇಕು ಎನ್ನಬಹುದಿತ್ತು. ಗುಂಪು ಅವಳ ಕಡೆಗಿತ್ತು. ಆದರೆ ಹೊಲ ಹೋದ ಮೇಲೆ ಆರಕ್ಕೆ ಹುಲ್ಲೆಲ್ಲಿ? ಹೊಳೆಯ ದಂಡೆಯ ಹುಲ್ಲು ಎಷ್ಟು, ತನ್ನ ಎರಡು ತೋಳು ಎಷ್ಟು ಎಂಬುದೂ ಅವಳಿಗೆ ಗೊತ್ತಿತ್ತು. ಹಸುಗಳ ಐಬು ಹೇಳಿದವಳು ತನ್ನದನ್ನು ಮುಚ್ಚಿಡುವುದು ಹೇಗೆ?

"ಮೂರು," ಎಂದಳು. "ಅಜ್ಜಿ, ಸೊಟ್ಟಿ, ಕರಿ. ಮನೆಗೆ ಬೀಗ ಹಾಕ್ಬೇಡ. ಕೀಲಿ ನನಗೆ ಕೊಡು. ಉಳಿದ ಮೂರರ ಹಗ್ಗ ನಾನೇ ಕೊಡ್ತೀನಿ, ಯಾರಿಗೆ ಅಂತ ನಾನೇ ಹೇಳ್ತೀನಿ."

"ಹರಾಜಲ್ಲಿ ಹಾಗೆಲ್ಲಾ..." ಗಂಟಲು ಶುರುಮಾಡಿದ.

"ಸುಮ್ಮನಿರಯ್ಯ," ಎಂದ ತಮ್ಮ. "ಅಕ್ಕ ಹೇಳ್ತಿದ್ದಾಳೆ."

ಡೇರಿಯವನಿಗೆ ಕರಿಯ ಬದಲು ಮಳ್ಳಿ ಹೋದಳು. "ಹಗ್ಗ ಬಿಚ್ಚತಾಳೆ, ಗೊತ್ತಲ್ಲ?" ಎಂದಳು ಹಾಲಕ್ಕ. "ನಮ್ಮನೇಲಿ ಎಲ್ಲರೂ ಹಾಗೇ ಅಮ್ಮಾ, ಹೊಂದ್ಕೊಳ್ತಾಳೆ," ಎಂದ ಅವನು, ಮೀಸೆಯ ಒಳಗೇ ನಗುತ್ತಾ. ಅವಳಿಗಳ ಸರದಿಯಲ್ಲಿ ದೊಡ್ಡ ಬೆಲೆ ಕೂಗಿದವನು ಒಂದನ್ನು ಮಾತ್ರ ಕೇಳುತ್ತಿದ್ದ. ಅವನನ್ನು ದಾಟಿ, ಬಂದಾಗಿನಿಂದ ಬೆಲೆ ಕೇಳದೆ ಬರೀ 'ಏನು ತಿಂತವೆ, ಎಲ್ಲಿ ತುರಿಸಿದ್ರೆ ಇಷ್ಟ' ಎಂದು ಕೇಳುತ್ತಿದ್ದ ಹೆಂಗಸಿನ ಕೈಗೆ ಎರಡು ಹಗ್ಗವನ್ನೂ ಇಟ್ಟಳು. ಮುದಿ ದನವನ್ನಷ್ಟೇ ಕೊಳ್ಳುವ ದಲ್ಲಾಳಿಯೊಬ್ಬ ಅಜ್ಜಿಯ ಹತ್ತಿರ ನಿಂತಿದ್ದ. ಯಾರೂ ಏನೂ ಅನ್ನದೆಯೇ ಅವನು ಸೈಕಲ್ ಹತ್ತಿದ.

ಅವಳಿಗಳು ಬೇಲಿ ದಾಟುವಾಗ ತಿರುಗಿ ನೋಡಿದವು. ಹಾಲಕ್ಕ ಕೊಟ್ಟಿಗೆಯ ಒಳಗೆ ಹೋಗಿ ಸೊಟ್ಟಿಯ ಪಕ್ಕ ಕೂತಳು. ಮಾತಾಡಲು ಹೊರಟಳು, ಆಗಲಿಲ್ಲ. ಆ ದಿನ ಸೊಟ್ಟಿ ಮಾತಿಲ್ಲದೆಯೇ ಹಾಲು ಇಳಿಸಿದಳು.

ಮುಂದಿನ ವಾರ ಅವಳು ಮತ್ತೆ ಅಂಗಡಿಯ ಹಿಂಬದಿಗೆ ಬಂದಳು. ಕೀಲಿ ಸೆರಗಿನ ತುದಿಯಲ್ಲಿತ್ತು. ಸಂಪಾದಕರು ಅವಳನ್ನು ಕಂಡು ಪತ್ರಿಕೆಯ ಹಿಂದೆ ಮರೆಯಾದರು.

"ಬರ್ಕೋ," ಎಂದಳು. "ಹಾಲು ಸಿಗುತ್ತದೆ, ಮೊದಲಿನ ಮನೆಯಲ್ಲೇ. ದೋಷ: ಮೂರು ಹಸುವಿನಲ್ಲಿ ಎರಡಕ್ಕೇ ಹಾಲು, ಎಲ್ಲರಿಗೂ ಸಾಲದು. ಗುಡುಗಿದ ದಿನ ಇನ್ನೂ ಕಡಿಮೆ. ನೀರು ಬೆರೆಸುವುದಿಲ್ಲ."

"ಕೆಳಗೆ ಏನಂತ ಹಾಕ್ಲಿ? ಹಾಲಕ್ಕ ಅಂತಲಾ?"

ಅವಳು ಸ್ವಲ್ಪ ಯೋಚಿಸಿದಳು. "ಯಜಮಾನಿ ಅಂತ ಹಾಕು."

ಮೊಳೆಯವಳು ಅಭ್ಯಾಸಬಲದಿಂದ ಗೂಡಿಗೆ ಕೈ ಹಾಕಿದಳು. ಅಲ್ಲಿ ದಾರ ಸುತ್ತಿಸಿಕೊಂಡು ಸಿದ್ಧವಾಗಿ ಕೂತಿದ್ದದ್ದು ಯಜಮಾನರು. ಅದನ್ನು ಪಕ್ಕಕ್ಕೆ ಸರಿಸಿ, ಈ ಪದವನ್ನು ಅವಳು ಒಂದೊಂದೇ ಮೊಳೆ ಆಯ್ದು ಜೋಡಿಸತೊಡಗಿದಳು.