ಮೂವತ್ತು ಎಣಿಸುವಷ್ಟು ಹೊತ್ತು

ಪಿಯಾನೊದಲ್ಲಿ ಒಂದು ಕೀ ಸತ್ತಿದೆ, ನಾಲ್ಕನೆಯ ಹೆಜ್ಜೆಗೆ ಸರಿಯಾಗಿ ಸ್ವರದ ಬದಲು ಟಕ್ ಎಂದು ಮರದ ಸದ್ದು ಬರುತ್ತದೆ, ಮಕ್ಕಳಿಗೆ ಅದರ ಗೊಡವೆಯೇ ಇಲ್ಲ, ಅವರು ಆ ಟಕ್ಕಿಗೇ ಹಾರುತ್ತಾರೆ, ಒಂದು ಎರಡು ಮೂರು ಟಕ್, ಪಕ್ಕದ ಈಜುಕೊಳದ ಔಷಧಿ ವಾಸನೆ ಗೋಡೆ ದಾಟಿ ಮೂಗಿಗೆ ಹೊಡೆಯುತ್ತಿದೆ, ಈ ಬೆಂಚಿನ ಒಂದು ಕಾಲು ಗಿಡ್ಡ, ಉಸಿರು ಬಿಟ್ಟರೂ ಅಲ್ಲಾಡುತ್ತದೆ, ಇದೂ ಒಂದು ಬ್ಯಾಲೆ ಶಾಲೆಯೇ, ನನ್ನ ನಾದಿನಿ ಬಂದಿದ್ದರೆ ಬಾಗಿಲಲ್ಲೇ ನಿಂತು ಏನ್ ಅತ್ತಿಗೆ ಇದು, ಗೋಡೌನಿಗೆ ಕರ್ಕೊಂಡ್ ಬಂದಿದೀರ ಎನ್ನುತ್ತಿದ್ದಳು. ಎನ್ನಲಿ. ಮೂರೂವರೆ. ಐದರೊಳಗೆ ಆ ದೊಡ್ಡ ಶಾಲೆಗೆ ಹೂಂ ಅಥವಾ ಉಹೂಂ ಹೇಳಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ, ಬೆಳಗ್ಗೆಯಿಂದ ಆ ಮೆಸೇಜು ಫೋನಿನಲ್ಲಿ ಜಪ್ಪಯ್ಯ ಎಂದರೂ ಏಳದೆ ಕೂತಿದೆ, ಅಭಿನಂದನೆಗಳು, ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ — ಆರು ವರ್ಷದ ಮಗು, ಆಯ್ಕೆ, ಅಂಗಡಿಯಲ್ಲಿ ಟೊಮೆಟೊ ಒತ್ತಿ ನೋಡುವ ಹಾಗೆ ಒತ್ತಿ ನೋಡಿಯೇ ಆಯ್ಕೆ ಮಾಡಿದರು, ನಾನು ಅಲ್ಲೇ ಇದ್ದೆ, ನನ್ನ ಕಣ್ಣಮುಂದೆಯೇ. ನನ್ನ ಉಗುರಿನೊಳಗೆ ಇನ್ನೂ ಪ್ಲಾಸ್ಟರಿನ ಬಿಳಿ ಪುಡಿ, ಆಸ್ಪತ್ರೆಯಿಂದ ನೇರ ಬಂದೆ, ಅರ್ಧ ದಿನ ರಜೆ ಬೇಕು ಎಂದಾಗ ನಮ್ಮ ಡಾಕ್ಟರು ಏನಮ್ಮಾ ವಿಶೇಷ ಎಂದರು, ಮಗಳ ಕಾಲಿನ ವಿಚಾರ ಸರ್ ಎಂದೆ, ಅಯ್ಯೋ ಮುರಿದುಕೊಂಡಳಾ ಎಂದರು, ಇನ್ನೂ ಇಲ್ಲ ಸರ್ ಎಂದುಬಿಟ್ಟೆ.

ಈ ಹುಚ್ಚು ಹತ್ತಿದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಗೋಡೆಯ ಟಿ.ವಿ.ಯಲ್ಲಿ ಯಾರೋ ಬಿಳಿ ಬಟ್ಟೆಯವಳು ಗಾಳಿಯಲ್ಲಿ ನಿಂತೇಬಿಟ್ಟಳು, ನಮ್ಮ ಕಡ್ಡಿ ತೆರೆದ ಬಾಯಿ ಮುಚ್ಚಲೇ ಇಲ್ಲ, ಡಾಕ್ಟರು ಹಾಗೇ ಇರು ಪುಟ್ಟಿ ಎಂದು ಹಲ್ಲು ಕಿತ್ತೇಬಿಟ್ಟರು, ಕಡ್ಡಿ ಎಂದು ಹೆಸರಿಟ್ಟದ್ದು ಅವಳಪ್ಪ, ಹುಟ್ಟಿದಾಗ ಬೆಂಕಿಕಡ್ಡಿಯ ಹಾಗಿದ್ದಳು, ಆ ಕ್ಲಿನಿಕ್ಕಿನ ದಿನದಿಂದ ಅಡಿಗೆಮನೆಗೆ ಬಂದರೂ ತುದಿಗಾಲು, ಹಲ್ಲುಜ್ಜುವಾಗಲೂ ತುದಿಗಾಲು, ಆಗಲಿ, ಕಲಿಯಲಿ, ಖುಷಿಪಡಲಿ ಎಂದೇ ನಾನೂ ಹೊರಟದ್ದು. ಮೊದಲನೆಯ ಶಾಲೆ ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಗೋಡೆ ತುಂಬ ಗೆದ್ದು ತಂದ ಟ್ರೋಫಿಗಳು, ಒಂದರ ಮೇಲೂ ಧೂಳಿಲ್ಲ, ಧೂಳೆಲ್ಲ ನೆಲದ ಮೇಲೆ, ಅಲ್ಲಿಯ ಮಿಸ್ಸು ಆರೇ ತಿಂಗಳು ಮೇಡಂ, ತುದಿಬೆರಳ ಮೇಲೆ ನಿಲ್ಲಿಸಿ ತೋರಿಸ್ತೀನಿ ಎಂದು ಮುಂಭಾಗ ಗಟ್ಟಿಯಾಗಿರುವ ಪುಟ್ಟ ಗುಲಾಬಿ ಬೂಟುಗಳನ್ನು ತಂದು ಮೇಜಿನ ಮೇಲಿಟ್ಟಳು, ಈ ವಯಸ್ಸಿನ ಪಾದದ ಎಕ್ಸ್-ರೇ ನೋಡಿದೀರಾ ಎಂದು ಕೇಳಿದೆ, ಅರ್ಧ ಇನ್ನೂ ಮೂಳೆಯೇ ಆಗಿರುವುದಿಲ್ಲ, ಫಿಲ್ಮಿನಲ್ಲಿ ಬರೀ ಖಾಲಿ ಖಾಲಿ ಕಾಣುತ್ತದೆ, ಆ ಖಾಲಿ ಜಾಗದ ಮೇಲೆ ಮಗುವಿನ ಭಾರ ನಿಲ್ಲಿಸುತ್ತೀರಾ ಎಂದೆ, ನೀವು ಡಾಕ್ಟರಾ ಎಂದಳು, ಅಲ್ಲ, ಮೂಳೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕೋಳು ಎಂದೆ, ಓ ಎಂದಳು, ಆ ಒಂದು ಓ, ಅದರಲ್ಲಿ ನನ್ನನ್ನು ಬಾಗಿಲಾಚೆ ಬಿಟ್ಟು ಚಿಲಕ ಹಾಕಿದ ಸದ್ದಿತ್ತು. ಇಪ್ಪತ್ತು ವರ್ಷದಿಂದ ಜನರ ಮುರಿದ ಕಾಲುಗಳು ನನ್ನ ತೊಡೆಯ ಮೇಲೆ ಕೂತಿವೆ, ಓ ಅಂತೆ. ಕಡ್ಡಿ ಮೆಟ್ಟಿಲಿಳಿಯುತ್ತ ಆ ಬೂಟಿಗಾಗಿ ಅತ್ತಳು, ಅಳಲಿ ಎಂದು ಬಿಟ್ಟೆ, ಅವತ್ತು ನಾನು ಸರಿ ಇದ್ದೆ, ಅವತ್ತಿನ ನಾನು ನೆನ್ನೆ ಎಲ್ಲಿ ಸತ್ತಿದ್ದೆ?

ನೆನ್ನೆ. ನಾದಿನಿ ಹೇಳಿದ ಶಾಲೆ, ಅವಳ ಮಗಳು ಹೋಗುವ ಶಾಲೆ, ಆ ಹುಡುಗಿ ಬಂದಾಗಲೆಲ್ಲ ತಟ್ಟೆಯಲ್ಲಿ ಅರ್ಧ ಬಿಟ್ಟು ಸಾಕು ಅತ್ತೆ ಎನ್ನುವುದನ್ನು ಕಂಡೂ ನಾನು ಹೋದೆ, ಹೊಳೆಯುವ ನೆಲ, ಒಂದು ಕಡೆ ಪೂರ್ತಿ ಗಾಜಿನ ಗೋಡೆ, ಈಚೆ ತಾಯಂದಿರಿಗೆ ಮೆತ್ತನೆಯ ಕುರ್ಚಿ, ಆಚೆ ಮಕ್ಕಳು, ಬಾಗಿಲಲ್ಲೇ ತೂಕದ ಯಂತ್ರ, ಆರು ವರ್ಷದ ಮಕ್ಕಳನ್ನು ಲಗೇಜಿನ ಹಾಗೆ ಒಂದೊಂದಾಗಿ ಹತ್ತಿಸಿ ಇಳಿಸಿದರು, ಕೂದಲನ್ನು ಕಣ್ಣು ಕಿತ್ತುಬರುವಷ್ಟು ಬಿಗಿಯಾಗಿ ಎಳೆದು ಗಂಟು ಹಾಕಿಕೊಂಡ ಮಿಸ್ಸು ಕಡ್ಡಿಯ ಬೆನ್ನು ಸವರಿ ಒಳ್ಳೆ ಮೈಕಟ್ಟು, ಇದನ್ನ ಹೀಗೇ ಇಟ್ಕೊಳ್ಳಿ ಎಂದಳು, ಇಟ್ಟುಕೊಳ್ಳಿ, ಷೋಕೇಸಿನಲ್ಲಿ ಇಟ್ಟುಕೊಳ್ಳಲಾ, ಮಗು ಬೆಳೆಯುವುದು ಬೇಡವಾ, ಬಾಯಿ ತುದಿಗೆ ಬಂತು, ನುಂಗಿದೆ, ಅಲ್ಲಿಂದಲೇ ನುಂಗಲು ಶುರು ಮಾಡಿದೆ. ಆಮೇಲೆ ಮಕ್ಕಳನ್ನು ನೆಲದ ಮೇಲೆ ಬೋರಲು ಮಲಗಿಸಿ ಕಪ್ಪೆಯ ಹಾಗೆ ಕಾಲು ಅಗಲಿಸಿದರು, ಕಡ್ಡಿಯ ಸೊಂಟ ನೆಲ ಮುಟ್ಟಲಿಲ್ಲ, ನಾಲ್ಕು ಬೆರಳು ಮೇಲೇ ನಿಂತಿತು, ಮಿಸ್ಸು ಹಿಂದಿನಿಂದ ಬಂದು ತನ್ನ ಮೊಣಕಾಲು ಅವಳ ಸೊಂಟದ ಮೇಲಿಟ್ಟು ಕೂತಳು. ಕೂತೇ ಬಿಟ್ಟಳು. ನಗು ನಗು, ಪ್ರೇಕ್ಷಕರಿಗೆ ನೋವು ಕಾಣಿಸಬಾರದು, ಒಂದು, ಎರಡು — ಗಾಜಿನಾಚೆಯಿಂದ ಸದ್ದು ಮಂದವಾಗಿ ಬರುತ್ತಿತ್ತು — ಏಳು, ಎಂಟು, ಕಡ್ಡಿಯ ಕಣ್ಣಿಂದ ನೀರು ನೆಲಕ್ಕೆ ಇಳಿಯಿತು, ತುಟಿ ಮಾತ್ರ ಅಗಲವಾಯಿತು, ಬಿದ್ದ ಹಲ್ಲಿನ ಕಿಂಡಿ ಕಂಡಿತು, ಹದಿನಾಲ್ಕು, ಹದಿನೈದು, ಪಕ್ಕದ ಕುರ್ಚಿಯವಳು ನನ್ನ ಮೊಣಕೈ ಮುಟ್ಟಿ ಎಷ್ಟ್ ಗಟ್ಟಿ ರೀ ನಿಮ್ಮ ಮಗು, ನಮ್ಮದು ಮೊದಲ ದಿನ ಊರು ಒಂದು ಮಾಡಿತ್ತು ಎಂದಳು, ಆಗ ನನಗೆ ಹೆಮ್ಮೆಯಾಯಿತು, ಹೌದು, ಥೂ, ಆಯಿತು, ಎದೆಯಲ್ಲಿ ಬೆಚ್ಚಗಾಯಿತು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.

ಮೂವತ್ತರವರೆಗೆ ಕೂತಿದ್ದೆನಲ್ಲ, ನಾನು, ಬೇರೆ ಯಾರಾದರೂ ಆಗಿದ್ದರೆ ಪಾಪ ಗೊತ್ತಾಗಲಿಲ್ಲ ಎನ್ನಬಹುದು, ನನ್ನ ಕೆಲಸವೇ ಅಳು ಕೇಳಿಸಿಕೊಳ್ಳುವುದು, ಪ್ಲಾಸ್ಟರ್ ರೂಮಿಗೆ ಬರುವ ಪ್ರತಿ ಮಗುವಿಗೂ ಹೇಳುತ್ತೇನೆ, ಅಳು ಕಂದಾ, ಜೋರಾಗಿ ಅಳು, ಎಲ್ಲಿ ನೋವು ಬೆರಳಿಟ್ಟು ತೋರಿಸು, ಅಳುವ ಮಗುವಿಗೆ ನಾನು ಹೆದರುವುದಿಲ್ಲ, ಸುಮ್ಮನಿರುವ ಮಗುವಿಗೆ ಹೆದರುತ್ತೇನೆ, ಆ ಎಂಟು ವರ್ಷದ ಹುಡುಗಿ, ಮುಂಗೈ ಮುರಿದಿತ್ತು, ಬೇರೆಲ್ಲೋ ಕಟ್ಟು ಹಾಕಿಸಿಕೊಂಡು ಎರಡು ದಿನ ಬಿಟ್ಟು ನಮ್ಮಲ್ಲಿಗೆ ಬಂದಳು, ಅವಳಮ್ಮ ನಗುತ್ತಲೇ ನಮ್ಮವಳು ಒಂಚೂರೂ ಅಳಲ್ಲ ಸಿಸ್ಟರ್, ತುಂಬಾ ಜಾಣೆ ಎಂದಳು, ಬೆರಳು ಮುಟ್ಟಿ ನೋಡಿದೆ, ತಣ್ಣಗೆ, ನೀಲಿ, ಗರಗಸ ಹಾಕಿ ಆ ಕಟ್ಟನ್ನು ಸೀಳಿ ತೆಗೆದೆ, ಒಳಗೆ ಕೈ ಊದಿ ಬಿಗಿದು ಕಲ್ಲಾಗಿತ್ತು, ಆಪರೇಷನ್ನಿಗೆ ಓಡಿಸಿದರು, ಬೆರಳುಗಳು ಆಮೇಲೂ ಪೂರ್ತಿ ಬಿಚ್ಚಲಿಲ್ಲ, ಹಕ್ಕಿಯ ಕಾಲಿನ ಹಾಗೆ ಮಡಚಿಯೇ ಉಳಿದವು, ಯಾಕಮ್ಮಾ ನೋವು ಅಂತ ಹೇಳಲಿಲ್ಲ ಎಂದು ಕೇಳಿದರೆ ಅಮ್ಮ ಜಾಣೆ ಅಂದಳು ಅದಕ್ಕೆ ಎಂದಳು. ಅದನ್ನು ಕಂಡ ಈ ಕಣ್ಣೇ ನೆನ್ನೆ ಗಾಜಿನಾಚೆ ನೋಡುತ್ತ ಕೂತದ್ದು. ಇವತ್ತು ಬೆಳಗ್ಗೆ ಕಡ್ಡಿಯ ಅಪ್ಪನಿಗೆ ಇಷ್ಟೂ ಹೇಳಿದೆ, ಅವರು ಲಿಫ್ಟ್ ರಿಪೇರಿ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು, ಸ್ವಲ್ಪ ನೋವಿಲ್ಲದೆ ಏನ್ ಬರುತ್ತೆ ಹೇಳು ಎಂದರು, ಮಗಳ ಉಗುರು ಕತ್ತರಿಸುವಾಗ ಮುಖ ಆ ಕಡೆ ತಿರುಗಿಸುವ ಮನುಷ್ಯ, ಯಾರ ನೋವು, ನಿಮ್ಮದಾ ಎಂದೆ, ಅಕ್ಕಪಕ್ಕ ಕೇಳುತ್ತೆ ಮೆಲ್ಲಗೆ ಎಂದರು, ಕೇಳಲಿ ಎಂದೆ, ನನ್ನ ತಂಗಿ ಅಷ್ಟು ಓಡಾಡಿ ಹೇಳಿಸಿದಾಳೆ, ಅವಳ ಮುಖಕ್ಕೆ ಏನು ಹೇಳೋದು ಎಂದರು, ಅವಳ ಮುಖ, ಮಿಸ್ಸಿನ ಮುಖ, ಪ್ರೇಕ್ಷಕರ ಮುಖ, ಎಲ್ಲರ ಮುಖವನ್ನೂ ಆರು ವರ್ಷದ ಸೊಂಟದ ಮೇಲೆ ಹೊರಿಸಿ ಕೂರಿಸಿ, ಮೂವತ್ತು ಎಣಿಸಿ.

ಟಕ್. ಇಲ್ಲಿಯ ಮೇಷ್ಟ್ರಿಗೆ ಮಂಡಿ ಹೋಗಿದೆ, ನೆಲಕ್ಕೆ ಕೂರಬೇಕಾದರೆ ಗೋಡೆ ಹಿಡಿದು ಕಂತು ಕಂತಾಗಿ ಇಳಿಯುತ್ತಾರೆ, ಎಡಗಾಲಿನದು ಹಳೆಯ ಮುರಿತ, ನಡೆಯುವುದರಲ್ಲೇ ಗೊತ್ತಾಗುತ್ತದೆ, ಒಳಗೆ ಕರೆದುಕೊಳ್ಳುವ ಮೊದಲು ತುದಿಬೆರಳ ಬೂಟು ಯಾವಾಗ ಎಂದು ಜಗಳಕ್ಕೇ ಕೇಳಿದ್ದೆ, ಹನ್ನೆರಡು ವರ್ಷ ಆಗಲಿ, ಆಮೇಲೂ ಕಾಲು ಒಪ್ಪಿದರೆ ಮಾತ್ರ, ಈಗ ಸುಮ್ನೆ ಕುಣೀಲಿ ತಾಯಿ ಎಂದರು, ಜಗಳಕ್ಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಕೈಯಲ್ಲೇ ಉಳಿಯಿತು, ಬಾಗಿಲು ಮುಚ್ಚುವುದೂ ಇಲ್ಲ ಇವರು, ನೋಡಿಕೊಂಡಿರಿ, ಬೇಕಾದರೆ ಒಳಗೇ ಬನ್ನಿ ಎಂದರು. ಕಡ್ಡಿ ಟಕ್ಕಿಗೆ ಹಾರುತ್ತಿದ್ದಾಳೆ, ಬೀಳುತ್ತಿದ್ದಾಳೆ, ಪಕ್ಕದವಳನ್ನೂ ಬೀಳಿಸುತ್ತಿದ್ದಾಳೆ, ಇಷ್ಟೇ ಬೇಕಾದದ್ದು, ಸಾಕು, ಫೋನು ತೆಗೆದೆ, ಬರೆದೆ, ನಮ್ಮ ಮಗಳು ನಿಮ್ಮ ಶಾಲೆಗೆ ಬರುವುದಿಲ್ಲ, ಮಕ್ಕಳ ಮೇಲೆ ಕೂರಬೇಡಿ, ಎರಡನೆಯ ವಾಕ್ಯ ಅಳಿಸಲಾ ಎಂದುಕೊಂಡೆ, ಅಳಿಸಲಿಲ್ಲ, ಕಳಿಸಿದೆ, ಹೋಯಿತು, ನಾದಿನಿಗೂ ಒಂದು, ಬೇಜಾರು ಮಾಡ್ಕೋಬೇಡ, ನಿನ್ನ ಮಗಳ ತಟ್ಟೆ ಒಂದ್ಸಲ ನೋಡು, ಅದೂ ಹೋಯಿತು, ಕಡ್ಡಿಯ ಅಪ್ಪನಿಗೆ ಮನೆಗೆ ಹೋಗಿ ಬಾಯಲ್ಲೇ ಹೇಳುತ್ತೇನೆ, ಎದೆಯಿಂದ ಯಾರೋ ಎದ್ದುಹೋದ ಹಾಗೆ ಉಸಿರು ಬಂತು. ಒಳಗೆ ಪಿಯಾನೊದ ಸದ್ದು ನಿಂತಿದೆ, ಎಲ್ಲರೂ ಕೂತ್ಕೊಳ್ಳಿ, ಕಾಲು ಎಷ್ಟು ಬರುತ್ತೋ ಅಷ್ಟೇ ಅಗಲಿಸಿ, ಸಾಕು ಅನ್ನಿಸಿದಾಗ ಸಾಕು ಅನ್ನಿ ಎಂದು ಮೇಷ್ಟ್ರು ಹೇಳುತ್ತಿದ್ದಾರೆ, ಸಾಕು ಎಂದಿತು ಒಂದು ಮಗು, ಸಾಕು ಸಾಕು ಎಂದು ಇನ್ನೊಂದು ಮಲಗಿಯೇ ಬಿಟ್ಟಿತು, ಎಲ್ಲ ನಗುತ್ತಿವೆ, ಕಡ್ಡಿ ಮಾತ್ರ ಅಗಲಿಸುತ್ತಲೇ ಇದ್ದಾಳೆ, ತೊಡೆ ನಡುಗುತ್ತಿದೆ, ನನಗೆ ಇಲ್ಲಿಂದಲೇ ಕಾಣುತ್ತಿದೆ, ಮೇಷ್ಟ್ರು ತೆವಳಿಕೊಂಡು ಹತ್ತಿರ ಬಂದು ಎರಡೂ ಕೈ ಅವಳ ಮಂಡಿಯ ಕೆಳಗಿಟ್ಟು ಮೇಲಕ್ಕೆ ಎತ್ತಿ ಹಿಡಿದರು, ನಿಲ್ಸು ಪುಟ್ಟಿ, ನೋವಾಗ್ತಿದೆಯಲ್ವಾ, ಇಲ್ಲ ಮೇಷ್ಟ್ರೇ ಎಂದಳು, ಎಂದು ತುಟಿ ಅಗಲ ಮಾಡಿದಳು, ಅದೇ ಕಿಂಡಿ. ಅವರು ಅವಳ ಮುಖವನ್ನು ನೋಡಿದರು, ತಿರುಗಿ ಬಾಗಿಲಾಚೆ ನನ್ನನ್ನು ನೋಡಿದರು, ಇದನ್ನ ಯಾರು ಹೇಳಿಕೊಟ್ಟರಮ್ಮ ಇವಳಿಗೆ, ಮೆಲ್ಲಗೇ ಕೇಳಿದರು, ಆ ಮಿಸ್ಸು ಎನ್ನಲು ಬಾಯಿ ತೆರೆದೆ, ಇನ್ನೊಂದು ಶಾಲೆಯ ಮಿಸ್ಸು — ಆದರೆ ನೆನ್ನೆ ಹದಿನೇಳೋ ಹದಿನೆಂಟೋ ಎಣಿಸುವಾಗ ಕಡ್ಡಿ ಕಣ್ಣೆತ್ತಿದ್ದಳು, ಮಿಸ್ಸಿನ ಕಡೆಗಲ್ಲ, ಗಾಜಿನ ಕಡೆಗೆ, ನನ್ನನ್ನು ಹುಡುಕಿದ್ದಳು, ಸಿಕ್ಕಿದ್ದೆ, ಅಮ್ಮಾ ಎನ್ನುವ ಹಾಗೆ ತುಟಿ ಅಲುಗಿತ್ತು, ಆಗ ನಾನು — ಏಳಬೇಕಿತ್ತು, ಬಾಗಿಲು ಒದ್ದು ಹೋಗಬೇಕಿತ್ತು — ನಾನು ಹೆಬ್ಬೆರಳೆತ್ತಿ ತೋರಿಸಿದೆ, ಜಾಣೆ ಎಂದೆ, ನಕ್ಕೆ, ನಾನು ನಕ್ಕ ಮೇಲೆಯೇ ಅವಳ ನಗು ಗಟ್ಟಿಯಾಗಿ ನಿಂತದ್ದು, ಈಗಲೂ ನಿಂತಿದೆ, ನೋವಿದ್ದರೆ ಅಳಬಹುದು ಕಂದಾ, ಅಳು, ಜೋರಾಗಿ ಅಳು ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದೇನೆ, ಅವಳು ನನ್ನನ್ನೇ ನೋಡುತ್ತಿದ್ದಾಳೆ, ಕಣ್ಣು ತುಂಬಿದೆ, ಹಲ್ಲಿನ ಕಿಂಡಿ, ಆ ಕಪ್ಪು ಕಿಂಡಿ, ಅಳು ಎಂದೆನಲ್ಲ, ಹಲ್ಲಿನ ಕಿಂಡಿ, ನಗುತ್ತಿದ್ದಾಳೆ