ಬಲಗಣ್ಣಿನ ಬಣ್ಣ

ಗೋಡೆಗೆ ಟಾರ್ಚನ್ನು ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟರೆ ಅದರ ಗುಟ್ಟೆಲ್ಲ ಬಯಲಾಗುತ್ತದೆ. ಎದುರಿನಿಂದ ನುಣ್ಣಗೆ ಕಂಡದ್ದು ಪಕ್ಕದ ಬೆಳಕಿಗೆ ಬರೀ ಉಬ್ಬುತಗ್ಗು. ಅಮಿತಾ ಉಬ್ಬಿದ್ದಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ, ಎಮರಿ ಪೇಪರಿನಿಂದ ಉಜ್ಜಿ, ಮತ್ತೆ ಟಾರ್ಚು ಹಿಡಿಯುತ್ತಿದ್ದಳು. ಹಬ್ಬದ ಮುಂಚೆ ಪೇಂಟರುಗಳು ಯಾರೂ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಈ ಕೋಣೆಯನ್ನು ಬೇರೆಯವರ ಕೈಗೆ ಬಿಡುವ ಮನಸ್ಸು ಅವಳಿಗಿರಲಿಲ್ಲ.

ಬಸ್ರೂರಿನ ಆ ಮನೆಯ ಹಿಂದಿನ ಕೋಣೆ ಅತ್ತೆ ಕುಸುಮಾವತಿಗೆಂದು. ಕಣ್ಣಿನ ಪೊರೆ ತೆಗೆಸಲು ಶಂಕರನಾರಾಯಣ ಊರಿನಲ್ಲಿರುವ ಹಿರಿಮಗನ ಮನೆಯಿಂದ ಬಂದು ಎರಡು ತಿಂಗಳಾಗಿದ್ದರೂ ಅವರು ಮಲಗುತ್ತಿದ್ದದ್ದು ಎಲ್ಲರೂ ಓಡಾಡುವ ಮುಂದಿನ ಚಾವಡಿಯಲ್ಲೇ. ಸೀರೆ ತುಂಬಿದ ಟ್ರಂಕು ತಲೆದೆಸೆಯಲ್ಲಿ. "ಕಣ್ಣ್ ಸಮ ಆದ್ ಕೂಡ್ಲೆ ಹೋತೆ" ಎನ್ನುವರು. ಅಲ್ಲಿಯೂ ಅವರ ಜಾಗ ಚಾವಡಿಯೇ. ಹದಿನಾಲ್ಕು ಮಂದಿಯ ಆ ಮನೆಯಲ್ಲಿ ಅವರದೆಂಬ ಕೋಣೆ ಎಂದೂ ಇರಲಿಲ್ಲ.

ಅವರು ಇಲ್ಲೇ ಇರಲಿ ಎಂಬುದು ಅಮಿತಾಳ ಆಸೆ. ಹದಿನೈದು ವರ್ಷದ ಹಿಂದೆ, ಬಿ.ಎಸ್ಸಿ. ಓದಿದ ಹೊಸ ಸೊಸೆ ಕೆಲಸಕ್ಕೆ ಹೋಗುವುದು ಬೇಡವೆಂದು ಮನೆಯಿಡೀ ಹೇಳಿದಾಗ, "ಅದ್ ಅಷ್ಟ್ ಕಲ್ತದ್ ಒಲಿ ಊದುಕಾ?" ಎಂದು ಒಂದೇ ಮಾತಿಗೆ ಎಲ್ಲರ ಬಾಯಿ ಮುಚ್ಚಿಸಿದವರು ಕುಸುಮಾವತಿ. ಕುಂದಾಪುರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅಮಿತಾ ಇವತ್ತಿಗೂ ದುಡಿಯುತ್ತಿರುವುದು ಆ ಮಾತಿನ ಬಲದಿಂದ.

ಹಾಗಾಗಿಯೇ ಬಣ್ಣದ ಅಂಗಡಿಯ ಶೇಡ್ ಕಾರ್ಡನ್ನು ಅವಳು ಅತ್ತೆಯ ಮಡಿಲಿಗೆ ಹಾಕಿದ್ದಳು. "ನೀವೇ ಹೇಳಿ ಅತ್ತೆ, ನಿಮ್ ಕೋಣೆ."

"ನಾನಾ? ಈವರೆಗೆ ನಾನ್ ಯಾವ ಗ್ವಾಡೆಗೂ ಬಣ್ಣ ಹೇಳ್ಲಿಲ್ಲೆ ಮಾರಾಯ್ತಿ. ನನ್ ಹತ್ರ ಕೇಂಡರ್ ಯಾರ್?"

ಅಂದರೂ ಎರಡು ದಿನ ಆ ಕಾರ್ಡು ಅವರ ಕೈ ಬಿಡಲಿಲ್ಲ. ಕಿಟಕಿಯ ಹತ್ತಿರ ಒಯ್ದರು, ಅಂಗಳಕ್ಕೆ ಒಯ್ದರು. ಕೊನೆಗೆ ಒಂದು ಚೌಕದ ಮೇಲೆ ಬೆರಳಿಟ್ಟು, "ಇದ್" ಎಂದರು. ನಾಚಿಕೆಯಂಥ ನಗು. ಬೆರಳಿನ ಕೆಳಗಿದ್ದದ್ದು ನೀಲಿಯ ಛಾಯೆಯ ತಣ್ಣನೆಯ ಬಿಳಿ. ಅಮಿತಾಳಿಗೆ ಕೊಂಚ ಆಶ್ಚರ್ಯವಾಯಿತು, ಆದರೆ ಆಯ್ಕೆ ಅವರದು. ಗೋಡೆಯ ಮೇಲೆ ಮೊಳದಗಲ ಬಳಿದು, ಬೆಳಗಿನ ಬಿಸಿಲಲ್ಲೊಮ್ಮೆ, ಟ್ಯೂಬ್‌ಲೈಟಿನಲ್ಲೊಮ್ಮೆ ತೋರಿಸಿದಳು. ಎರಡು ಸಲವೂ, "ಹ್ಞಾ, ಇದೇ."

ಬಲಗಣ್ಣಿನ ಆಪರೇಶನ್ ಆದ ಮೇಲೆ, ಧೂಳು ತಾಗಬಾರದೆಂದು ಕುಸುಮಾವತಿ ಎಂಟು ದಿನ ಬ್ರಹ್ಮಾವರದಲ್ಲಿ ಮಗಳು ಸರಸಳ ಮನೆಯಲ್ಲಿದ್ದರು. ಅಮಿತಾ ರಜೆ ಹಾಕಿದಳು. ಪುಟ್ಟಿ ಮೆತ್ತಿ ಉಜ್ಜುವುದರಲ್ಲೇ ನಾಲ್ಕು ದಿನ ಹೋಯಿತು. ಬಣ್ಣ ಹಚ್ಚುವುದು ಕೊನೆಯ, ಎಲ್ಲಕ್ಕಿಂತ ಸುಲಭದ ಕೆಲಸ ಎಂದು ಅವಳಿಗೆ ಆಗ ಗೊತ್ತಾದದ್ದು. ಪ್ರೈಮರ್ ಒಣಗಿದ ಮೇಲೆ ಮೂಲೆಗಳಿಗೆ ಬ್ರಶ್ಶು, ಆ ಅಂಚು ಆರುವ ಮೊದಲೇ ರೋಲರು. ಎರಡನೇ ಕೋಟು ಇನ್ನೂ ಹಸಿಯಿರುವಾಗಲೇ ಕಿಟಕಿಯ ಅಂಚಿನ ಟೇಪು ಎಳೆದಳು. ಗೆರೆ ನೂಲು ಹಿಡಿದಂತೆ ಬಂತು.

ಗಂಡ ರವಿಚಂದ್ರ ಬೇಕರಿಯ ಕೆಲಸ ಮುಗಿಸಿ ಬಂದವನು ದಿನವೂ ಬಾಗಿಲಲ್ಲೇ ನಿಂತು, "ಹ್ವಾಯ್ ಮೇಸ್ತ್ರಿಗಳೇ, ಚಾ ಆಯ್ತಾ?" ಎಂದು ಕೆಣಕುತ್ತಿದ್ದ. ಕೊನೆಯ ದಿನ ಗೋಡೆಗೆ ಅಂಗೈ ಸವರಿದವನು ತಾನೇ ಚಾ ಮಾಡಿ ತಂದ.

ಒಂಬತ್ತನೆಯ ದಿನ ಅವನೇ ತಾಯಿಯನ್ನು ಕರೆತಂದ. ಕುಸುಮಾವತಿ ಹೊಸ್ತಿಲಲ್ಲಿ ನಿಂತು ಕಪ್ಪು ಕನ್ನಡಕ ತೆಗೆದರು. ತುಂಬ ಹೊತ್ತು ನೋಡಿದರು.

"ಇದ್ ನಾ ಹೇಳದ್ದಲ್ಲ."

"ಅದೇ ಅತ್ತೆ."

"ನಾ ಹೇಳದ್ ಬೆಣ್ಣಿ ಬಣ್ಣ. ಇದ್ ನೀರ್ ಹಾಲ್." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಇರ್ಲಿ ಬಿಡ್. ಬಣ್ಣ ಹೇಳು ಕೆಲ್ಸ ನಂಗೆಂತಕ್ಕೆ ಬೇಕಿತ್ತ್?" ಎಂದು ಚಾವಡಿಯತ್ತ ತಿರುಗಿದರು.

ಅಮಿತಾಳಿಗೆ ಥಟ್ಟನೆ ಹೊಳೆಯಿತು. ಪೊರೆ ಬಂದ ಕಣ್ಣು ಹಳದಿ ಗಾಜಿದ್ದಂತೆ. ಅದರ ಹಿಂದಿನಿಂದ ನೀಲಿ ಬಿಳುಪೂ ಬೆಣ್ಣೆಯೇ. ಲ್ಯಾಬಿನಲ್ಲಿ ದಿನಾ ಬೆಳಿಗ್ಗೆ, ರೋಗಿಗಳ ರಕ್ತ ಮುಟ್ಟುವ ಮೊದಲು, ಫಲಿತಾಂಶ ಗೊತ್ತಿರುವ ಮಾದರಿಯೊಂದನ್ನು ಹಾಕಿ ಯಂತ್ರ ಸರಿಯಿದೆಯೇ ಎಂದು ನೋಡುವವಳು ಅವಳು. ಇಲ್ಲಿ ಗೋಡೆಯನ್ನು ಎರಡೆರಡು ಬೆಳಕಿನಲ್ಲಿ ಪರೀಕ್ಷಿಸಿ, ನೋಡುವ ಕಣ್ಣನ್ನೇ ಮರೆತಿದ್ದಳು. ಈಗ ನಿಜ ಹೇಳಿದರೆ ಅದು, ನಿಮ್ಮ ಮೊದಲ ಆಯ್ಕೆಯೇ ತಪ್ಪು ಎಂದಂತೆ. ಅವರು ಇನ್ನೆಂದೂ ಯಾವುದಕ್ಕೂ ಬೆರಳಿಡಲಿಕ್ಕಿಲ್ಲ.

"ಅಂಗ್ಡಿಯವ್ರ್ ಡಬ್ಬಿ ತಪ್ಪ್ ಕೊಟ್ರ್ ಕಾಣತ್ತ್ ಅಮ್ಮ," ಎಂದು ರವಿಚಂದ್ರ ಸುಲಭದ ದಾರಿ ಹಿಡಿದ.

"ಅಲ್ಲ, ಡಬ್ಬಿ ಸಮ ಇತ್ತ್," ಎಂದಳು ಅಮಿತಾ. "ಅತ್ತೆ, ಹೊಸ ಕಣ್ಣಿಗೆ ಸೆರಗ್ ಅಡ್ಡ ಹಿಡ್ದ್ ಒಂದ್ ಸಲ ಕಾಣಿ. ಕಣ್ಣಿಗೆ ತಾಗ್ಸಬೇಡಿ."

ಅವರು ಸೆರಗನ್ನು ಬಲಗಣ್ಣಿನ ಮುಂದೆ ಹಿಡಿದರು. "ಅಯ್ಯ, ಬೆಣ್ಣಿ!" ಎಡಗಣ್ಣಿನ ಮುಂದೆ ಹಿಡಿದರು. "ನೀರ್ ಹಾಲ್!" ಮತ್ತೆ ಬಲ, ಮತ್ತೆ ಎಡ. "ಹಾಂಗಾರೆ ಸುಳ್ಳ್ ಹೇಳುದ್ ಯಾವ ಕಣ್ಣ್ ಮಾರಾಯ್ತಿ?"

"ಪೊರೆ ಇಪ್ಪ ಕಣ್ಣಿಗೆ ಎಲ್ಲ ಹಳ್ದಿಯೇ ಕಾಂಬುದ್. ಬಣ್ಣ ಕೇಂಬುಕೆ ನಾನ್ ಆಪರೇಶನ್ ಮುಗ್ಯುವರಿಗೆ ಕಾಯ್ಕಿತ್ತ್. ತಪ್ಪ್ ನಂದೇ. ಬೆಣ್ಣಿ ಬಣ್ಣ ತಂದ್ ಮತ್ತೆ ಹೊಡಿತೆ."

ಕುಸುಮಾವತಿಗೆ ಅದು ಕೇಳಿಸಿದಂತಿರಲಿಲ್ಲ. "ಹಾಂಗಾರೆ ನನ್ ಸೀರೆ?" ಎಂದರು.

"ಎಂತ ಸೀರೆ?"

"ರವೀ, ಆ ಟ್ರಂಕ್ ತಕಂಡ್ ಬಾ. ಇಲ್ಲಿ ಬೆಳ್ಕ್ ಲಾಯ್ಕಿತ್ತ್."

ಟ್ರಂಕು ಕೋಣೆಯೊಳಗೆ ಬಂತು. ಒಂದೊಂದೇ ಸೀರೆ ಕಿಟಕಿಯ ಬೆಳಕಿಗೆ ಬಂದು, ಎಡ ಬಲ ಎರಡೂ ಕಣ್ಣಿನ ಪರೀಕ್ಷೆಗೆ ನಿಂತು, ಮಂಚದ ಮೇಲೆ ಬಿತ್ತು. "ಇದ್ ನೀಲಿಯಾ! ಸರಸನ ಮಗ್ಳ್ ಮದಿಗೂ ಹಸ್ರ್ ಅಂದ್ಕಂಡ್ ಉಟ್ಟಿದೆ. ಒಬ್ರಾರೂ ಹೇಳ್ಲಿಲ್ಲೆ ಅಲ್ದಾ?"

"ನಿಮ್ಗ್ ಹೇಳುಕೆ ಯಾರಿಗೆ ಧೈರ್ಯ ಇತ್ತ್ ಅತ್ತೆ?" ಎಂದಳು ಅಮಿತಾ, ಸೀರೆಗಳನ್ನು ಮಡಚಿ ಗೋಡೆಯ ಕಪಾಟಿನಲ್ಲಿ ಜೋಡಿಸುತ್ತ. ಅತ್ತೆ ಬೇಡ ಎನ್ನಲಿಲ್ಲ.

"ಎಡಗಣ್ಣಿಗೆ ಯಾವಾಗ?"

"ಮುಂದಿನ ತಿಂಗ್ಳ್."

"ಅಲ್ಲಿವರಿಗೆ ಗ್ವಾಡೆ ಮುಟ್ಬೇಡ. ಎರಡೂ ಕಣ್ಣ್ ಸಮ ಆಯ್ಲಿ. ಬಣ್ಣ ಮತ್ತೆ ನಾನೇ ಹೇಳ್ತೆ." ಅಂಗೈಯನ್ನು ಗೋಡೆಯುದ್ದಕ್ಕೂ ನಿಧಾನವಾಗಿ ಎಳೆದರು, ಎಲ್ಲಿಯೂ ತಡೆಯಲಿಲ್ಲ. "ಕೆಲ್ಸ ಅಡ್ಡಿಲ್ಲೆ."

ಖಾಲಿ ಟ್ರಂಕನ್ನು ಎತ್ತಿಕೊಂಡು ರವಿಚಂದ್ರ ಕೇಳಿದ, "ಇದನ್ನ ಚಾವಡಿಲೇ ಇಡುದಾ ಅಮ್ಮ?"

"ಅಟ್ಟಕ್ಕೆ ಹಾಕ್," ಎಂದರು ಕುಸುಮಾವತಿ. "ತಕಂಡ್ ಹೋಪತಿಗೆ ಜಾಗ್ರತೆ. ಗ್ವಾಡೆಗೆ ತಾಗ್ಸಬೇಡ."